ಲೈಸೆನ್ಸ್ ಬಂದ ಮೇಲೂ ಕ್ಲಾಸ್ ಯಾಕೆ? ಬಳ್ಳಾರಿಯ ತಂಗಿಗೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ಗಂಡನಿಗೆ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಬಳ್ಳಾರಿ ಬಿಡುತ್ತಿದ್ದೀಯ. ಅಪ್ಪ ಸೈಟು, ಮನೆ ಕೊಡಿಸುವ ಕೆಲಸ ಮಾಡಿಕೊಂಡು ಬಂದವರು. ನೀನೂ ಅವರ ಜೊತೆ ಲೇಔಟ್ ಲೇಔಟ್ ತಿರುಗಿದವಳು. "ಅಲ್ಲೂ ಇದೇ ಕೆಲಸ ಮಾಡಬಹುದಾ ಅಕ್ಕಾ? ಒಂದು ಸಲ ಲೈಸೆನ್ಸ್ ತಗೊಂಡರೆ ಮುಗೀತಲ್ಲ, ಮತ್ತೆ ನಾಲ್ಕು ವರ್ಷಕ್ಕೊಮ್ಮೆ 45 ಗಂಟೆ ಕ್ಲಾಸ್ ಯಾಕೆ?" ಅಂತ ಕೇಳಿದ್ದೀಯ. ನಾನು ಗಂಗಾವತಿಯವಳು. ಅದೇ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು ಹದಿನಾಲ್ಕು ವರ್ಷ, ಮನೆ ಕೊಡಿಸುವ ಏಜೆಂಟ್ ಆಗಿ ಹತ್ತು ವರ್ಷ ಆಯಿತು.

ಮೊದಲು ವೀಸಾ ವಿಷಯ. ಎಚ್-4ನಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಹೆಂಡತಿಗೆ ಸಿಗುವ ವೀಸಾದಲ್ಲಿ, ಬರುವವಳು ಕೆಲಸ ಮಾಡಲು ಅನುಮತಿ ಕೊಡುವ ಇಎಡಿ ಕಾರ್ಡ್ ಇಲ್ಲದೆ ಒಂದು ರೂಪಾಯಿ ಕಮಿಷನ್ ಕೂಡ ತಗೊಳ್ಳುವ ಹಾಗಿಲ್ಲ. ಗಂಡನ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದ್ದರೆ ಸಾಮಾನ್ಯವಾಗಿ ಆ ಕಾರ್ಡಿಗೆ ಅರ್ಜಿ ಹಾಕಬಹುದು. ಲೈಸೆನ್ಸ್ ಬೇರೆ, ಕೆಲಸದ ಪರವಾನಗಿ ಬೇರೆ. ಇದನ್ನು ವಲಸೆ ವಕೀಲರ ಹತ್ತಿರ ಕೇಳಿಕೊಂಡೇ ಮುಂದುವರಿ.

ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಸಿಗಬೇಕಾದರೆ ಮೂರು ಕೋರ್ಸ್ ಮುಗಿಸಬೇಕು. ಆಮೇಲೆ 150 ಪ್ರಶ್ನೆಗಳ ಪರೀಕ್ಷೆ, ಪಾಸಾಗಲು ನೂರಕ್ಕೆ 70. ಪಾಸಾದರೂ ಒಬ್ಬ ಬ್ರೋಕರ್, ಅಂದರೆ ಏಜೆಂಟರಿಗಿಂತ ಮೇಲಿನ ಲೈಸೆನ್ಸ್ ಇರುವವರ, ಕೈಕೆಳಗೇ ಕೆಲಸ. ಕಮಿಷನ್ ಬರುವುದು ಅವರ ಮೂಲಕವೇ. ಸಾಮಾನ್ಯವಾಗಿ ಸಂಬಳ ಇರುವುದಿಲ್ಲ. ಮೊದಲ ಕೆಲವು ತಿಂಗಳು ಕೈಗೆ ಏನೂ ಬರದಿದ್ದರೂ ಮನೆ ನಡೆಯುವ ಹಾಗೆ ನೋಡಿಕೊಂಡಿರಬೇಕು.

ಈಗ ಆ 45 ಗಂಟೆ. ನಾಲ್ಕು ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಲು ಬೇಕಾದ ಕ್ಲಾಸು ಅದು. ಮೊದಲ ಸಲ ನವೀಕರಣ ಮಾಡುವಾಗ ನೀತಿ, ಏಜೆನ್ಸಿ (ಗಿರಾಕಿಯ ಪರವಾಗಿ ನಡೆದುಕೊಳ್ಳುವ ಕರ್ತವ್ಯ), ಗಿರಾಕಿಯ ಹಣದ ನಿರ್ವಹಣೆ, ಮನೆ ವಿಷಯದಲ್ಲಿ ಭೇದಭಾವ ತಡೆಯುವ ಕಾನೂನು, ಅಪಾಯ ನಿರ್ವಹಣೆ, ಈ ಐದಕ್ಕೂ ತಲಾ ಮೂರು ಗಂಟೆ. ನಮಗೇ ಗೊತ್ತಿಲ್ಲದೆ ಮನಸ್ಸಿನಲ್ಲಿ ಕೂತಿರುವ ಭೇದದ ಬಗ್ಗೆ ಎರಡು ಗಂಟೆ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಗ್ರಾಹಕರ ರಕ್ಷಣೆಯ ಪಾಠಗಳು.

ಹಣದ ಪಾಠವನ್ನೇ ನೋಡು. ನಮ್ಮ ಕಡೆ ಟೋಕನ್ ಅಡ್ವಾನ್ಸ್ ಅಂತ ಕವರಿನಲ್ಲಿ ಕೊಟ್ಟ ದುಡ್ಡು ಎಷ್ಟೋ ಸಲ ಏಜೆಂಟರ ಜೇಬಿನಲ್ಲೇ ವಾರಗಟ್ಟಲೆ ಇರುತ್ತದೆ. ಯಾರೂ ತಪ್ಪು ತಿಳಿಯುವುದಿಲ್ಲ, ಪರಿಚಯದ ನಂಬಿಕೆ. ಇಲ್ಲಿ ಗಿರಾಕಿಯ ದುಡ್ಡು ಬ್ರೋಕರ್ ಕೈಗೆ ಬಂದರೆ ಮೂರು ಕೆಲಸದ ದಿನದೊಳಗೆ ಸೇರಬೇಕಾದ ಖಾತೆಗೆ ಸೇರಬೇಕು. ಸ್ವಂತ ದುಡ್ಡಿನ ಜೊತೆ ಬೆರೆಸಿದರೆ ಲೈಸೆನ್ಸಿಗೇ ಕುತ್ತು.

ನನ್ನನ್ನು ನಿಜವಾಗಿ ಬದಲಾಯಿಸಿದ್ದು ಭೇದಭಾವದ ಪಾಠ. ಬಳ್ಳಾರಿಯಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆ ಏನು ಅಂತ ನಿನಗೆ ಗೊತ್ತು. "ನೀವು ಯಾವ ಮಂದಿ?" ಅದನ್ನು ಕೇಳಿಕೊಂಡೇ ಬೆಳೆದವಳು ನಾನು. ಕೆಲಸ ಶುರು ಮಾಡಿದ ಹೊಸತರಲ್ಲಿ ರಾಯಚೂರಿನ ಒಂದು ಕುಟುಂಬ, "ನಮ್ಮವರು ಜಾಸ್ತಿ ಇರುವ ಕಡೆ ಮನೆ ತೋರಿಸಿ" ಅಂದಿತು. ನಾನು ಖುಷಿಯಿಂದ ಅಂಥ ಬೀದಿಗಳನ್ನೇ ತೋರಿಸಿದೆ. ಒಳ್ಳೆಯದೇ ಮಾಡಿದೆ ಅಂದುಕೊಂಡಿದ್ದೆ.

ಅದು ತಪ್ಪು. ಅಮೆರಿಕದ 1968ರ ಫೇರ್ ಹೌಸಿಂಗ್ ಕಾನೂನಿನ ಪ್ರಕಾರ ಬಣ್ಣ, ಜನಾಂಗ, ಧರ್ಮ, ಮೂಲ ದೇಶ ನೋಡಿ ಏಜೆಂಟ್ ಜನರನ್ನು ಒಂದು ಕಡೆಗೆ ತಿರುಗಿಸುವ ಹಾಗಿಲ್ಲ. ಅದಕ್ಕೆ ಸ್ಟೀರಿಂಗ್ ಅಂತಾರೆ. ಮಕ್ಕಳಿದ್ದಾರೆ, ಅಂಗವೈಕಲ್ಯ ಇದೆ ಅಂತ ದೂರ ಇಡುವ ಹಾಗೂ ಇಲ್ಲ. 2023ರಿಂದ ಈ ಪಾಠದಲ್ಲಿ ಅಭಿನಯವೂ ಸೇರಿದೆ. ಒಮ್ಮೆ ಏಜೆಂಟ್ ಆಗಿ, ಒಮ್ಮೆ ಗಿರಾಕಿಯಾಗಿ ಮಾತಾಡಬೇಕು. ನಾನು ಗಿರಾಕಿಯಾದಾಗ ಎದುರಿನ ಏಜೆಂಟ್ ನಗುನಗುತ್ತಲೇ, "ನಿಮಗೆ ಆ ಏರಿಯಾ ಹೊಂದಲ್ಲ ಅನ್ಸುತ್ತೆ" ಅಂದಳು. ಬರೀ ಪಾಠ ಅಂತ ಗೊತ್ತಿದ್ದರೂ ಎದೆಗೆ ಚುಚ್ಚಿತು. ನಾನು ರಾಯಚೂರಿನವರಿಗೆ ತೋರಿಸಿದ್ದೂ, ತೋರಿಸದೇ ಬಿಟ್ಟ ಬೀದಿಗಳೂ ಅವತ್ತು ರಾತ್ರಿ ನೆನಪಾದವು.

ಈಗ ಯಾರಾದರೂ ಹಾಗೆ ಕೇಳಿದರೆ ಹೇಳುತ್ತೇನೆ: "ಬಜೆಟ್ ಹೇಳಿ, ಎಷ್ಟು ರೂಮು ಬೇಕು ಹೇಳಿ, ಆಫೀಸಿಗೆ ಎಷ್ಟು ಹೊತ್ತು ಓಡಾಡಬಲ್ಲಿರಿ ಹೇಳಿ. ಅದಕ್ಕೆ ಹೊಂದುವ ಮನೆ ಎಲ್ಲಿದ್ದರೂ ತೋರಿಸ್ತೀನಿ. ಯಾವ ಬೀದಿ ಬೇಕು ಅನ್ನೋದು ನಿಮ್ಮ ಆಯ್ಕೆ." ನಮ್ಮವರಿಗೆ ಇದು ಮೊದಲು ಬಿರುಸು ಅನಿಸುತ್ತದೆ. ಬಿಡಿಸಿ ಹೇಳಿದರೆ ಅರ್ಥ ಮಾಡಿಕೊಳ್ಳುತ್ತಾರೆ.

ಕಾನೂನೂ ಸುಮ್ನೆ ನಿಂತಿರುವುದಿಲ್ಲ. 2024ರ ಆಗಸ್ಟ್‌ನಿಂದ ಖರೀದಿದಾರರನ್ನು ಮನೆ ನೋಡಲು ಕರೆದೊಯ್ಯುವ ಮೊದಲೇ ಲಿಖಿತ ಒಪ್ಪಂದ ಬೇಕು ಅನ್ನುವ ನಿಯಮ ರಿಯಲ್ಟರ್‌ಗಳ, ಅಂದರೆ ಮನೆ ಏಜೆಂಟರ, ರಾಷ್ಟ್ರೀಯ ಸಂಘದಿಂದ ಬಂತು. 2025ರಿಂದ ಕ್ಯಾಲಿಫೋರ್ನಿಯಾ ತನ್ನದೇ ಕಾನೂನು ತಂದು, ಅಂಥ ಒಪ್ಪಂದಕ್ಕೆ ಸಾಮಾನ್ಯ ಖರೀದಿದಾರರ ವಿಷಯದಲ್ಲಿ ಮೂರು ತಿಂಗಳ ಮಿತಿ ಹಾಕಿತು. ಹಳೆಯ ಪಾಠ ನಂಬಿಕೊಂಡಿದ್ದವರು ಗಿರಾಕಿಗೆ ಏನು ಹೇಳುತ್ತಿದ್ದರು?

ನಾನು ಮಾಡಿದ ತಪ್ಪು ನೀನು ಮಾಡಬೇಡ. ಮೊದಲ ನವೀಕರಣದ ಕ್ಲಾಸುಗಳನ್ನು ಕೊನೆ ತಿಂಗಳಿಗೆ ಇಟ್ಟುಕೊಂಡಿದ್ದೆ. ಅಷ್ಟರಲ್ಲಿ ಅಮ್ಮನಿಗೆ ಆಪರೇಷನ್, ಗಂಗಾವತಿಗೆ ಓಡಿದೆ. ಹಗಲು ಆಸ್ಪತ್ರೆ, ರಾತ್ರಿ ಲ್ಯಾಪ್‌ಟಾಪ್. ಕರೆಂಟ್ ಹೋದರೆ ನೆಟ್ಟೂ ಹೋಗುತ್ತಿತ್ತು. ಒಂದೇ ದಿನ ಕೂತು ಕ್ಲಾಸುಗಳ ಕೊನೆಯ ಪರೀಕ್ಷೆಗಳನ್ನೆಲ್ಲಾ ಬರೆದುಬಿಡೋಣ ಅಂದರೆ ಆಗುವುದಿಲ್ಲ. 24 ಗಂಟೆಯಲ್ಲಿ 15 ಗಂಟೆ ಪಾಠದಷ್ಟೇ ಪರೀಕ್ಷೆಗೆ ಅವಕಾಶ. ದಿನಾಂಕ ಮೀರಿತು. ಮೀರಿದ ಮೇಲೂ ಎರಡು ವರ್ಷದೊಳಗೆ ನವೀಕರಣ ಮಾಡಿಸಬಹುದು, ಆದರೆ ಅಲ್ಲಿವರೆಗೆ ಕೆಲಸ ಮಾಡುವ ಹಾಗಿಲ್ಲ. ಮೂರು ತಿಂಗಳು ನನ್ನ ಜೊತೆ ಮನೆ ನೋಡಿದ ಸಿಂಧನೂರಿನ ದಂಪತಿ ಮನೆ ಕೊಳ್ಳುವ ಆಫರ್ ಕೊಡುವ ಹೊತ್ತಿಗೆ ನಾನು ಅವರನ್ನು ಆಫೀಸಿನ ಇನ್ನೊಬ್ಬರಿಗೆ ಒಪ್ಪಿಸಬೇಕಾಯಿತು. ಕಮಿಷನ್ ಹೋಗಿದ್ದಕ್ಕಿಂತ, ಆ ಅಕ್ಕ "ನೀವೇ ಇರ್ತೀರಿ ಅಂದುಕೊಂಡಿದ್ವಿ" ಅಂದದ್ದು ಇವತ್ತಿಗೂ ನೋವು.

ಆಮೇಲಿಂದ ವರ್ಷಕ್ಕೆ ಹನ್ನೆರಡು ಗಂಟೆ ಅಂತ ಲೆಕ್ಕ ಹಾಕಿಕೊಂಡಿದ್ದೇನೆ. ಜನವರಿಯಲ್ಲಿ ಮಾರುಕಟ್ಟೆ ತಣ್ಣಗಿರುವಾಗಲೇ ಮುಗಿಸುತ್ತೇನೆ. ರಾಜ್ಯದ ರಿಯಲ್ ಎಸ್ಟೇಟ್ ಇಲಾಖೆ ಒಪ್ಪಿದ ಕೋರ್ಸ್ ಹೌದೋ ಅಲ್ಲವೋ ಅಂತ ದುಡ್ಡು ಕಟ್ಟುವ ಮೊದಲೇ ನೋಡುತ್ತೇನೆ. ಸರ್ಟಿಫಿಕೇಟುಗಳನ್ನು, ಅಪ್ಪ ಪಹಣಿ ಇಡುತ್ತಿದ್ದ ಹಾಗೆ, ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ.

ಅಪ್ಪನ ಜೊತೆ ತಿರುಗಿ ಕಲಿತ ನಿನ್ನ ವಿದ್ಯೆ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಅನುಮಾನ ಬೇಡ. ಬಂದು ಮನೆ ಹೂಡಿದ ಮೇಲೆ ಫೋನ್ ಮಾಡು. ಸ್ಯಾನ್ ಹೋಸೆ ನಮ್ಮ ಮನೆಗೆ ಹತ್ತಿರವೇ. ಜನವರಿಯಲ್ಲಿ ನಾನು ಕ್ಲಾಸಿಗೆ ಕೂತಾಗ ಬಂದು ಪಕ್ಕದಲ್ಲಿ ಕೂತು ನೋಡು.