ಕ್ಯಾರಿಯರ್ ಮೇಲೆ ಡ್ರೋನ್ ಮೋಟರ್ ಕೂರಿಸಿದ್ರೆ ಸೈಕಲ್ ಗಂಟೆಗೆ 25 ಕಿಮೀ ಸ್ಪೀಡಲ್ಲಿ ಓಡುತ್ತಾ?

ಎ2212 ಅನ್ನೋ ಚಿಕ್ಕ ಡ್ರೋನ್ ಮೋಟರಿಗೆ 10 ಇಂಚಿನ ಪ್ರೊಪೆಲ್ಲರ್ ಸಾಕಾ ಅಂತ ಕೇಳಿದೀರಲ್ಲ, ಒಂದರಿಂದ ಆಗಲ್ಲ ಸರ್. ಅದು ಹೆಚ್ಚೆಂದ್ರೆ ಒಂದು ಕೆಜಿ ತೂಕದ ಹತ್ರ ಬಲದಿಂದ ತಳ್ಳುತ್ತೆ, ಸಮತಟ್ಟು ರಸ್ತೇಲಿ 25 ಕಿಮೀ ಸ್ಪೀಡಿಗೇ ಸುಮಾರು ಎರಡು ಕೆಜಿ ಬೇಕು, ಅದೂ ಎದುರುಗಾಳಿ ಇಲ್ದಿದ್ರೆ, ಮೇಲಾಗಿ ಸ್ಪೀಡ್ ಏರ್ತಾ ಏರ್ತಾ ಪ್ರೊಪೆಲ್ಲರ್ ತಳ್ಳೋ ಬಲ ಇಳೀತಾ ಹೋಗುತ್ತೆ. ಏರು ಸಿಕ್ಕಿದ್ರೆ ಪೆಡಲ್ ತುಳೀಲೇಬೇಕು, ನೀವೂ ಸೈಕಲ್ಲೂ ಸೇರಿ 100 ಕೆಜಿ ಇದ್ರೆ 5% ಏರಿಗೆ ಇನ್ನೂ ಐದು ಕೆಜಿ ಬೇಕಾಗುತ್ತೆ. 16 ಇಂಚಿನ ಪ್ರೊಪೆಲ್ಲರ್ ಹಾಕಿ, ದೊಡ್ಡದು ನಿಧಾನಕ್ಕೆ ತಿರುಗಿದ್ರೆ ಅಷ್ಟೇ ಬಲಕ್ಕೆ ಬ್ಯಾಟರಿ ಕಮ್ಮಿ ತಿನ್ನುತ್ತೆ, ಅದಕ್ಕೆ ಕಮ್ಮಿ ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋ ಲೆಕ್ಕ) ಮೋಟರೇ ತಗೊಳ್ಳಿ. ರಸ್ತೆಗಿಳಿಸೋ ಮುಂಚೆ ಲಗೇಜ್ ತೂಗೋ ಕೊಕ್ಕೆ ತಕ್ಕಡಿನ ಸೀಟಿನ ಹಿಂದಕ್ಕೂ ಕಂಬಕ್ಕೂ ಕಟ್ಟಿ ಎಷ್ಟು ಎಳೆಯುತ್ತೆ ನೋಡ್ಕೊಳ್ಳಿ. ಆದ್ರೆ ಸುತ್ತ ಜಾಲರಿ ಇಲ್ದೆ, ಹ್ಯಾಂಡಲ್ ಹತ್ರ ಕಟ್‌ಆಫ್ ಸ್ವಿಚ್ ಇಲ್ದೆ ಮಾತ್ರ ದಯವಿಟ್ಟು ಆನ್ ಮಾಡ್ಬೇಡಿ, ಮಕ್ಕಳು ನೋಡೋಕೆ ಹತ್ರ ಬಂದೇ ಬರ್ತಾರೆ.