ಲಾರಿ ಹೆಡ್‌ಲೈಟ್ ತುಂಬಾ ಡಿಮ್, 100/90 ಬಲ್ಬ್ ಹಾಕಲಾ, ಎಲ್ಇಡಿ ಹಾಕಲಾ?

ನಿಮ್ಮದು ಎಂಟು ವರ್ಷ ಹಳೆಯ ಆರು ಚಕ್ರದ ಲಾರಿ. ರಾತ್ರಿ ಮುಂದಿನ ರಸ್ತೆ ಸರಿಯಾಗಿ ಕಾಣಿಸುವುದಿಲ್ಲ. ಅಂಗಡಿಯವನು 100/90 ಬಲ್ಬ್ (ಬ್ರೈಟಿಗೆ 100 ವ್ಯಾಟ್, ಡಿಪ್ಪಿಗೆ 90) ಹಾಕು, ಇಲ್ಲಾ ಎಲ್ಇಡಿ ಹಾಕು ಅಂತಿದ್ದಾನೆ, ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ನಾನು ಎರಡನ್ನೂ ಹಾಕಿಸಿದವನು, ಎರಡನ್ನೂ ಬಿಚ್ಚಿಸಿದವನು. ಈಗ ನನ್ನ ಗಾಡಿಯಲ್ಲಿ ಇರುವುದು ಕಂಪನಿ ಕೊಟ್ಟ ಅಳತೆಯದೇ, 24 ವೋಲ್ಟಿನ 75/70 ವ್ಯಾಟ್ ಎಚ್4 ಬಲ್ಬ್. ಬೆಳಕು ಮಾತ್ರ ಮೊದಲಿನ ಹಾಗಿಲ್ಲ, ಚೆನ್ನಾಗಿದೆ. ಹೇಗೆ ಅಂತ ಹೇಳ್ತೀನಿ.

ನಾನು ಹಾಸನದ ಕಡೆಯಿಂದ ಮೆಕ್ಕೆಜೋಳ ಹೇರಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತೇನೆ. ಬರುವಾಗ ಗೊಬ್ಬರ. ಓಡಾಟ ಜಾಸ್ತಿ ರಾತ್ರಿಯೇ. ಮೊದಲು ಹಾಕಿಸಿದ್ದು 100/90. ಎರಡು ದಿನ ಖುಷಿಯಾಗಿತ್ತು, ಬೆಳಕು ಸ್ವಲ್ಪ ಬಿಳಿ ಅನ್ನಿಸಿತು. ಮೂರನೇ ವಾರ ಬಲಗಡೆಯ ಲೈಟ್ ಹೊತ್ತಿ ಆರಿ ಆಡಲು ಶುರು ಮಾಡಿತು. ಸಕಲೇಶಪುರದಲ್ಲಿ ಟೀ ಕುಡಿಯಲು ನಿಲ್ಲಿಸಿ ಡೂಮಿನ (ಹೆಡ್‌ಲೈಟಿನ ಇಡೀ ಗೂಡು) ಹಿಂದೆ ಕೈ ಹಾಕಿದರೆ ಹೋಲ್ಡರ್ ಸುಡುತ್ತಿತ್ತು. ಎಳೆದರೆ ಬರಲಿಲ್ಲ, ಪ್ಲಾಸ್ಟಿಕ್ ಕರಗಿ ಬಲ್ಬಿನ ಪಿನ್ನಿಗೆ ಕಚ್ಚಿಕೊಂಡಿತ್ತು. ಒಳಗಿನ ವೈರ್ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು.

ಕಾರಣ ಸುಲಭ. ಬಲ್ಬಿನ ವ್ಯಾಟ್ ಏರಿಸಿದೆವು, ವೈರ್ ಅದೇ ಹಳೆಯದು. 70 ವ್ಯಾಟಿನ ಜಾಗದಲ್ಲಿ 90 ಕೂತರೆ ವೈರಿನಲ್ಲಿ, ಹೋಲ್ಡರಿನಲ್ಲಿ ಹುಟ್ಟುವ ಬಿಸಿ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಎಷ್ಟೋ ಹಳೆಯ ಗಾಡಿಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಸ್ಟೇರಿಂಗ್ ಪಕ್ಕದ ಸ್ವಿಚ್ಚಿನ ಒಳಗಿಂದಲೇ ಹೋಗುತ್ತದೆ. ಆ ಸ್ವಿಚ್ಚೂ ಸುಡುತ್ತದೆ.

ಆಮೇಲೆ ಎಲ್ಇಡಿ. ಇದರ ಕಥೆ ಬೇರೆ. ಗಾಡಿ ಮುಂದೆ ಹತ್ತು ಹದಿನೈದು ಮೀಟರ್ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ. ಆಹಾ ಅಂದುಕೊಂಡೆ. ಆದರೆ ಅದರ ಆಚೆ ಮೊದಲಿಗಿಂತ ಕತ್ತಲೆ. ಹತ್ತಿರದ ಬೆಳಕು ಜಾಸ್ತಿಯಾದರೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ದೂರದ್ದು ಕಾಣುವುದಿಲ್ಲ. ಜುಲೈ ಮಳೆಯಲ್ಲಿ ಮಾರನಹಳ್ಳಿ ದಾಟಿ ಇಳಿಯುವಾಗ ಮಂಜಿಗೆ ಆ ಬಿಳಿ ಬೆಳಕು ಹೊಡೆದು ವಾಪಸ್ ನನ್ನ ಮುಖಕ್ಕೇ ಬರುತ್ತಿತ್ತು. ಎದುರಿನವರೆಲ್ಲ ಡಿಮ್ ಡಿಪ್ ಹೊಡೆಯುತ್ತಿದ್ದರು. ನಾನು ಡಿಪ್ಪಿನಲ್ಲೇ ಇದ್ದೀನಲ್ಲ, ಇವರಿಗೇನು ಬಂತು ಅಂತ ಬೈದುಕೊಂಡೇ ಹೋದೆ. ಗುಂಡ್ಯದಲ್ಲಿ ಹಿಂದೆಯೇ ಬಂದ ಇನ್ನೊಬ್ಬ ಲಾರಿ ಡ್ರೈವರ್ ಇಳಿದು, "ಅಣ್ಣಾ, ಒಂದು ಸಲ ನಿಮ್ಮ ಗಾಡಿ ಮುಂದೆ ನಿಂತು ನೋಡಿ" ಅಂದ. ಹೋಗಿ ನಿಂತೆ. ಡಿಪ್ಪಿನಲ್ಲೇ ಕಣ್ಣು ಬಿಡಲಾಗಲಿಲ್ಲ.

ಎಚ್4 ಬಲ್ಬಿನ ಒಳಗೆ ಎರಡು ಫಿಲಮೆಂಟ್ ಇರುತ್ತವೆ. ಡಿಪ್ಪಿನ ಫಿಲಮೆಂಟಿನ ಕೆಳಗೆ ಒಂದು ಚಿಕ್ಕ ಲೋಹದ ಬಟ್ಟಲು. ಬೆಳಕು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬಿದ್ದು ಮೇಲಕ್ಕೆ ಚಿಮ್ಮದ ಹಾಗೆ ಅದು ತಡೆಯುತ್ತದೆ. ಫಿಲಮೆಂಟ್ ಇರುವ ಜಾಗ ಲೆಕ್ಕ ಹಾಕಿಯೇ ರಿಫ್ಲೆಕ್ಟರ್ ಮಾಡಿರುತ್ತಾರೆ. ಎಲ್ಇಡಿಯಲ್ಲಿ ಚಪ್ಪಟೆ ಪಟ್ಟಿಯ ಎರಡು ಕಡೆ ಚಿಪ್ ಅಂಟಿಸಿರುತ್ತಾರೆ. ಬೆಳಕು ಹೊರಡುವ ಜಾಗ ಒಂದೆರಡು ಮಿಲಿಮೀಟರ್ ಆಚೆ ಈಚೆ ಆದರೂ ಬೆಳಕು ಎಲ್ಲೆಲ್ಲೋ ಚೆಲ್ಲುತ್ತದೆ. ಎಲ್ಇಡಿಗೆಂದೇ ಮಾಡಿದ ಡೂಮ್ ಬೇರೆ, ಹ್ಯಾಲೊಜನ್ ಡೂಮಿಗೆ ಎಲ್ಇಡಿ ತುರುಕುವುದು ಬೇರೆ. ಇನ್ನು ಕೇಸಿನ ವಿಷಯ. ಡಿಪ್ ಬೆಳಕು 8 ಮೀಟರ್ ದೂರದಲ್ಲಿ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಕುಕ್ಕಬಾರದು ಅಂತ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. 2024ರ ಜುಲೈನಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್ಇಡಿಗಳಿಗೆ ಕೇಸ್ ಹಾಕುತ್ತಿದ್ದಾರೆ. (ಹಿಂದೆ ಲಾರಿ ಹೆಡ್‌ಲೈಟಿನ ನಡುವೆ ಮಗುವಿಗೆ ದೃಷ್ಟಿಬೊಟ್ಟು ಇಟ್ಟ ಹಾಗೆ ಕಪ್ಪು ಬಣ್ಣ ಬಳಿಯುತ್ತಿದ್ದರು, ನೆನಪಿದೆಯಾ? ಅದೂ ಇದಕ್ಕೇ.)

ಇಷ್ಟು ದುಡ್ಡು ಹಾಳು ಮಾಡಿಕೊಂಡ ಮೇಲೆ ಹಾಸನದಲ್ಲಿ ವಯಸ್ಸಾದ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಆತ ಹೊಸ ಬಲ್ಬಿನ ಮಾತೇ ಎತ್ತಲಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿಸಿ, ಹಳೆಯ ಬಲ್ಬ್ ಹಾಕಿ ಲೈಟ್ ಆನ್ ಮಾಡಿಸಿ, ಮೀಟರ್ ಹಿಡಿದ. ಬ್ಯಾಟರಿಯಲ್ಲಿ 27.6 ವೋಲ್ಟ್. ಬಲ್ಬಿನ ಹೋಲ್ಡರಿನಲ್ಲಿ 23.4. "ಬಲ್ಬಿಗೆ ಊಟವೇ ಸಿಗ್ತಿಲ್ಲ, ತಟ್ಟೆ ದೊಡ್ಡದು ಮಾಡಿದರೆ ಹೊಟ್ಟೆ ತುಂಬುತ್ತಾ?" ಅಂದ.

ನಾಲ್ಕು ವೋಲ್ಟ್ ಏನು ಮಹಾ ಅನ್ನಬೇಡಿ. ಹ್ಯಾಲೊಜನ್ ಬಲ್ಬಿನಲ್ಲಿ ವೋಲ್ಟೇಜ್ ನೂರಕ್ಕೆ 10ರಷ್ಟು ಇಳಿದರೆ ಬೆಳಕು ನೂರಕ್ಕೆ 30ರಷ್ಟು ಹೋಗುತ್ತದೆ. ನನ್ನದು 15ರಷ್ಟು ಇಳಿದಿತ್ತು. ಅಂದರೆ ಹತ್ತಿರ ಹತ್ತಿರ ಅರ್ಧ ಬೆಳಕು ವೈರಿನಲ್ಲೇ ಸೋರಿ ಹೋಗುತ್ತಿತ್ತು. ಅದಕ್ಕೇ ಹೇಳ್ತೀನಿ, ನೀವು ಬಲ್ಬ್ ಕೊಳ್ಳುವ ಮೊದಲು ಈ ಅಳತೆ ತೆಗೆಸಿ. ಲೈಟ್ ಹೊತ್ತಿರುವಾಗಲೇ ಅಳೆಯಬೇಕು. ಹೋಲ್ಡರ್ ಬಿಚ್ಚಿ ಅಳೆದರೆ ಕರೆಂಟ್ ಹರಿಯುವುದಿಲ್ಲ, ಸುಮ್ನೆ ಪೂರ್ತಿ ವೋಲ್ಟ್ ತೋರಿಸಿ ಮೋಸ ಮಾಡುತ್ತದೆ. ಬ್ಯಾಟರಿಗೂ ಹೋಲ್ಡರಿಗೂ ಒಂದು ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ತೊಂದರೆ ಬಲ್ಬಿನದ್ದಲ್ಲ.

ನನ್ನ ಗಾಡಿಗೆ ಆತ ಮಾಡಿದ್ದು ಇಷ್ಟೇ. ಡಿಪ್ಪಿಗೊಂದು, ಬ್ರೈಟಿಗೊಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರ್, ಬ್ಯಾಟರಿ ಹತ್ತಿರವೇ ಫ್ಯೂಸ್. ಹಳೆಯ ಸ್ವಿಚ್ಚಿನ ವೈರ್ ಈಗ ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ ಮಾಡುತ್ತದೆ. ಪ್ಲಾಸ್ಟಿಕ್ ಹೋಲ್ಡರ್ ತೆಗೆದು ಪಿಂಗಾಣಿಯದು ಹಾಕಿದ. ಅರ್ತ್ ವೈರ್ ಚಾಸಿಗೆ ಸೇರುವ ಕಡೆ ತುಕ್ಕು ಕೆರೆದು ಹೊಸ ಬೋಲ್ಟ್ ಹಾಕಿದ. ನನ್ನ ಕಣ್ಣೆದುರೇ ಆ ತುಕ್ಕು ಕೆರೆದದ್ದಕ್ಕೇ ಮುಕ್ಕಾಲು ವೋಲ್ಟ್ ಏರಿತು! ಕೊನೆಗೆ ಹೋಲ್ಡರಿನಲ್ಲಿ 27 ಬಂತು. ಅದೇ ಹಳೆಯ ಬಲ್ಬು, ಆದರೆ ಗೋಡೆ ಮೇಲೆ ಹಳದಿ ಹೋಗಿ ಬೆಳ್ಳಗೆ ಬಿತ್ತು.

ಎರಡು ಕಡೆ ಹುಷಾರಾಗಿರಿ. ರಿಲೇ ಕೇಳಿದರೆ ಅಂಗಡಿಯವರು ಕಾರಿನ 12 ವೋಲ್ಟಿನದು ಕೊಟ್ಟುಬಿಡುತ್ತಾರೆ, ಲಾರಿಯಲ್ಲಿ ಅದು ಸುಟ್ಟುಹೋಗುತ್ತದೆ. 24 ಅಂತ ಬರೆದಿರುವುದನ್ನು ನೋಡಿಯೇ ತೆಗೆದುಕೊಳ್ಳಿ. ಇನ್ನೊಂದು, ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಎಳೆದು ಕಾರಿನ ಬಲ್ಬ್ ಹಾಕಿಕೊಡ್ತೀನಿ ಅಂದರೆ ಒಪ್ಪಲೇಬೇಡಿ. ಒಂದು ಬ್ಯಾಟರಿ ಬರಿದಾಗುತ್ತದೆ, ಇನ್ನೊಂದು ಕುದಿಯುತ್ತದೆ, ಕೊನೆಗೆ ಎರಡೂ ಹೋಗುತ್ತವೆ. ನಿಮ್ಮದು ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿ ಅಲ್ಲ, ಆದ್ದರಿಂದ ವೈರಿಗೆ ಕೈ ಹಾಕಬಹುದು. ಬಿಎಸ್6 ಇರುವವರು ಇದನ್ನು ಓದುತ್ತಿದ್ದರೆ ಮೊದಲು ಸರ್ವಿಸ್ ಸೆಂಟರಿನಲ್ಲಿ ಕೇಳಿ.

ವೋಲ್ಟೇಜ್ ಸರಿ ಇದ್ದೂ ಬೆಳಕು ಇಲ್ಲದಿದ್ದರೆ ಡೂಮ್ ನೋಡಿ. ಎಂಟು ವರ್ಷದ ಗಾಡಿ ಅಂದರೆ ಮೇಲಿನ ಪ್ಲಾಸ್ಟಿಕ್ ಹಳದಿಗಟ್ಟಿರುತ್ತದೆ. ಅದನ್ನು ಉಜ್ಜಿ ಪಾಲಿಶ್ ಮಾಡಿಸಬಹುದು. ಒಳಗೆ ನೀರು ಹೋಗಿ ರಿಫ್ಲೆಕ್ಟರಿನ ಬೆಳ್ಳಿ ಹೋಗಿದ್ದರೆ ಮಾತ್ರ ಯಾವ ಬಲ್ಬ್ ಹಾಕಿದರೂ ದಂಡ, ಹೊಸ ಡೂಮೇ ಆಗಬೇಕು. ಬಲ್ಬ್ ಹಾಕುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೈಯ ಜಿಡ್ಡು ಅಂಟಿದ ಕಡೆ ಬಿಸಿ ಜಾಸ್ತಿಯಾಗಿ ಬೇಗ ಹೋಗುತ್ತದೆ. ನೀಲಿ ಬಣ್ಣ ಬಳಿದ ಬಲ್ಬೂ ಬೇಡ. ಆ ಬಣ್ಣ ಇರುವ ಬೆಳಕನ್ನೇ ನುಂಗುತ್ತದೆ.

ಇದೆಲ್ಲ ಆದ ಮೇಲೆ ಲೈಟ್ ಸೆಟ್ಟಿಂಗ್ ಮಾಡಿಸಿ. ಇದನ್ನು ಬಹಳ ಜನ ಮರೆಯುತ್ತಾರೆ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 10 ಮೀಟರ್ ದೂರ ಗಾಡಿ ನಿಲ್ಲಿಸಿ. ಹೆಡ್‌ಲೈಟಿನ ನಡುಮಧ್ಯದ ಎತ್ತರವನ್ನು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಳ್ಳಿ. ಡಿಪ್ ಬೆಳಕಿನ ಮೇಲಂಚು ಆ ಗೆರೆಗಿಂತ 15-20 ಸೆಂಟಿಮೀಟರ್ ಕೆಳಗೆ ಇರಬೇಕು, ಎಡಗಡೆ ಮಾತ್ರ ಸ್ವಲ್ಪ ಮೇಲಕ್ಕೆ ಏರಬೇಕು. ನಾನು ಮೊದಲ ಸಲ ಖಾಲಿ ಗಾಡಿಯಲ್ಲಿ ಸೆಟ್ ಮಾಡಿಸಿ ಬಂದಿದ್ದೆ. ಜೋಳ ಹೇರಿದ ತಕ್ಷಣ ಹಿಂದೆ ಕುಸಿದು ಮುಂದಿನ ಮೂತಿ ಎದ್ದಿತು, ಬೆಳಕು ಮರದ ಕೊಂಬೆಗೆ ಹೋಯಿತು. ನೀವು ಲೋಡ್ ಹಾಕಿದ ದಿನವೇ ಮಾಡಿಸಿ. ಮೀಟರಿನಲ್ಲಿ ಎಷ್ಟು ವೋಲ್ಟ್ ಬಂತು ಅಂತ ಕೆಳಗೆ ಬರೆಯಿರಿ, ಮುಂದೇನು ಅಂತ ಅದನ್ನು ನೋಡಿ ಹೇಳ್ತೀನಿ.