ಒಂದು ಗಿಟಾರ್, ಒಂದು ದನಿ ಸಾಕಿತ್ತೇ?

ಮುಳಬಾಗಿಲಿನ ಮೇಷ್ಟ್ರಿಗೆ ನಮಸ್ಕಾರ.

ನಿಮ್ಮ ಪತ್ರ ಬಂದು ಒಂದು ವಾರವಾಯಿತು. ಕೆನಡಾದ ಗಾಯಕಿ ಜೋನಿ ಮಿಚೆಲ್ ಅವರ 1975ರ ಆಲ್ಬಂ 'ದಿ ಹಿಸಿಂಗ್ ಆಫ್ ಸಮ್ಮರ್ ಲಾನ್ಸ್' ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದು ನಿಮಗೆ ಹಿಡಿಸಿಲ್ಲ. "1971ರ ಅವರ ಆಲ್ಬಂ 'ಬ್ಲೂ'ನಲ್ಲಿ ಒಂದು ಗಿಟಾರ್, ಒಂದು ದನಿ ಇತ್ತು. ಅಷ್ಟು ಸಾಕಿತ್ತು. ಆಮೇಲೆ ಯಂತ್ರ ತಂದು ಕೆಡಿಸಿಕೊಂಡರು. ನಮ್ಮೂರ ಹುಡುಗರೂ ತಮಟೆ ಪಕ್ಕ ಕೀಬೋರ್ಡ್ ಇಟ್ಟು ಜಾತ್ರೆಯಲ್ಲಿ ಅದನ್ನೇ ಮಾಡುತ್ತಿದ್ದಾರೆ. ನೀವು ಕುಮ್ಮಕ್ಕು ಕೊಡುತ್ತಿದ್ದೀರಿ" ಎಂದಿದ್ದೀರಿ. ಇಷ್ಟು ವರ್ಷ ಮಕ್ಕಳಿಗೆ ಪದ ಹೇಳಿಕೊಟ್ಟವರ ಮಾತು ಇದು. ಎರಡು ಸಾಲಿನಲ್ಲಿ ಉತ್ತರ ಬರೆದು ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ.

ಮೊದಲು ಆ ಗಿಟಾರ್ ವಿಷಯ. ಜೋನಿ ಅವರಿಗೆ ಒಂಬತ್ತನೇ ವಯಸ್ಸಿನಲ್ಲಿ ಪೋಲಿಯೊ ಬಂತು. ಎಡಗೈಯ ಬಲ ಕುಗ್ಗಿತು. ಗಿಟಾರ್ ಮೇಲೆ ಎಲ್ಲರೂ ಬೆರಳಿಡುವ ಹಾಗೆ ಇಡುವುದು ಅವರಿಗೆ ಕಷ್ಟ. ಅದಕ್ಕೇ ತಂತಿಗಳನ್ನು ಬಿಗಿದು, ಸಡಿಲಿಸಿ, ತಮ್ಮ ಕೈಗೆ ಒಗ್ಗುವ ಬೇರೆ ಬೇರೆ ಶ್ರುತಿಗಳನ್ನು ಕಂಡುಕೊಂಡರು. ಅವರ ಹಾಡುಗಳ ಬಣ್ಣ ಹುಟ್ಟಿದ್ದೇ ಅಲ್ಲಿ. ನೀವು ಮೆಚ್ಚಿದ ಆ ಸರಳ ಗಿಟಾರೇ ಒಂದು ಪ್ರಯೋಗ, ಮೇಷ್ಟ್ರೇ. 'ಬ್ಲೂ'ನಲ್ಲೂ ಗಿಟಾರ್ ಒಂದೇ ಇಲ್ಲ. ಪಿಯಾನೊ ಇದೆ, ತೊಡೆಯ ಮೇಲಿಟ್ಟು ನುಡಿಸುವ ಡಲ್ಸಿಮರ್ ಇದೆ.

1974ರಲ್ಲಿ ಬಂದ ಅವರ 'ಕೋರ್ಟ್ ಅಂಡ್ ಸ್ಪಾರ್ಕ್' ಅಮೆರಿಕದ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ ಎರಡನೇ ಸ್ಥಾನ ಮುಟ್ಟಿತ್ತು. ಅಂಥದ್ದೇ ಇನ್ನೊಂದು ಕೊಟ್ಟಿದ್ದರೆ ಎಲ್ಲರೂ ಖುಷಿಯಾಗಿರುತ್ತಿದ್ದರು. ಅವರು ಕೊಡಲಿಲ್ಲ. ಮರುವರ್ಷದ 'ಸಮ್ಮರ್ ಲಾನ್ಸ್'ನಲ್ಲಿ ತಮ್ಮ ಕಥೆ ಬದಿಗಿಟ್ಟು ಬೇರೆಯವರ ಮನೆಯೊಳಗೆ ಇಣುಕಿದರು. ಅಂದಿನ ವಿಮರ್ಶಕರಲ್ಲಿ ಹಲವರು ಮುನಿಸಿಕೊಂಡರು.

ನೀವು ಬೈದಿರುವ 'ದಿ ಜಂಗಲ್ ಲೈನ್' ಆ ಆಲ್ಬಂನ ಎರಡನೇ ಹಾಡು. ನಿಮ್ಮ ಪತ್ರ ಓದಿದ ರಾತ್ರಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ನಾಲ್ಕು ಸಲ ಕೇಳಿದೆ. ಮೊದಲು ಬರುವುದು ಆಫ್ರಿಕಾದ ಬುರುಂಡಿಯ ಡ್ರಮ್ಮುಗಳು. ಮರದ ಬೊಡ್ಡೆ ಕೊರೆದು, ಹಸುವಿನ ಚರ್ಮ ಬಿಗಿದು, ನಿಂತು ಬಾರಿಸುವ ವಾದ್ಯ. ಒಂದು ಕಾಲದಲ್ಲಿ ರಾಜನದು. ಜೋಳದ ಬಿತ್ತನೆಯ ಹಬ್ಬಕ್ಕೂ ಅದೇ ಬೇಕಿತ್ತು. 2014ರಲ್ಲಿ ಅದರ ಕುಣಿತ ಯುನೆಸ್ಕೊದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು. ಅಲ್ಲೇ ಧ್ವನಿಮುದ್ರಿಸಿದ ಆ ಪೆಟ್ಟಿನ ಮೇಲೆ ಮೂಗ್ ಸಿಂಥಸೈಜರ್ ಎಂಬ, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಯಂತ್ರದ ಗೊಗ್ಗರು ದನಿ, ಒಂದು ಗಿಟಾರ್, ಜೋನಿ ಅವರ ಹಾಡು. ಬೇರೇನೂ ಇಲ್ಲ. ಯಂತ್ರ ಗುರುಗುಟ್ಟುತ್ತದೆ, ಆದರೆ ಚರ್ಮದ ಒಂದು ಪೆಟ್ಟನ್ನೂ ನುಂಗುವುದಿಲ್ಲ.

ಜಾತ್ರೆಯಲ್ಲಿ ನೀವು ಕಂಡದ್ದು ಇದಲ್ಲ, ಅಲ್ವಾ? ಆಳೆತ್ತರದ ಸ್ಪೀಕರ್ ಪೆಟ್ಟಿಗೆ, ಕೀಬೋರ್ಡಿನಲ್ಲಿ ಬಟನ್ ಒತ್ತಿದರೆ ಬರುವ ತಾಳ. ಅದರ ಮುಂದೆ ನಾಲ್ವರು ಬೆವರು ಸುರಿಸಿ ತಮಟೆ ಬಾರಿಸುತ್ತಾರೆ. ಕೋಲು ಆಡುವುದು ಕಾಣುತ್ತದೆ, ಪೆಟ್ಟು ಕೇಳಿಸುವುದಿಲ್ಲ. ಅದನ್ನು ನೋಡಿ ನನಗೂ ಹೊಟ್ಟೆ ಉರಿದಿದೆ. ಈ ಮಾತಿನಲ್ಲಿ ನಾನು ಪೂರ್ತಿ ನಿಮ್ಮ ಕಡೆ. ಆದರೆ ತಪ್ಪು ಕೀಬೋರ್ಡಿನದಲ್ಲ. ತಮಟೆಗೆ ಜಾಗ ಬಿಡದೇ ಇರುವುದು ತಪ್ಪು.

ತಮಟೆಯೂ ಇದ್ದ ಹಾಗೇ ಇಲ್ಲವಲ್ಲ. ಹುಲ್ಲಿಗೆ ಬೆಂಕಿ ಹಚ್ಚಿ, ಚರ್ಮವನ್ನು ಅದರ ಮುಂದೆ ತಿರುಗಿಸುತ್ತಾ, ನಡುನಡುವೆ ಬೆರಳಲ್ಲಿ ತಟ್ಟಿ ನೋಡಿ, ದನಿ ಕಟ್ಟಿತು ಅಂದಮೇಲೆ ಎದ್ದು ನಿಲ್ಲುವವರನ್ನು ನಾವಿಬ್ಬರೂ ನೋಡಿದ್ದೇವೆ. ಈಗ ಫೈಬರ್ ತಮಟೆ ಬಂದಿದೆ. ಬೆಂಕಿ ಬೇಡ, ಮಳೆಗೂ ಹೆದರಬೇಕಿಲ್ಲ. ನನಗೆ ಚರ್ಮದ ದನಿಯೇ ಜಾಸ್ತಿ ಇಷ್ಟ. ಹಾಗಂತ ಫೈಬರ್ ಹಿಡಿದವನು ಕಲಾವಿದನಲ್ಲ ಅನ್ನಲಾರೆ. ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದ ಸೀಮೆ ನಮ್ಮದು. ಬೆರಕೆ ನಮಗೆ ಹೊಸದಲ್ಲ.

ನನಗೆ ಆ ಹಾಡಿನ ಬಗ್ಗೆ ಇರುವ ತಕರಾರು ಬೇರೆ. ಆಲ್ಬಂನಲ್ಲಿ ಗಿಟಾರ್, ಪಿಯಾನೊ ನುಡಿಸಿದವರ ಹೆಸರುಗಳಿವೆ. ಡ್ರಮ್ ಬಾರಿಸಿದವರಿಗೆ ಮಾತ್ರ 'ಬುರುಂಡಿಯ ಯೋಧರ ಡ್ರಮ್ಮುಗಳು' ಅನ್ನುವ ಒಂದೇ ಒಟ್ಟು ಹೆಸರು. ಇಡೀ ಹಾಡನ್ನು ಹೆಗಲ ಮೇಲೆ ಹೊತ್ತವರು ಯಾರೆಂದು ಕೇಳುವವರಿಗೆ ಗೊತ್ತಾಗುವುದಿಲ್ಲ. ಕಳೆದ ಸಂಚಿಕೆಯಲ್ಲಿ ನಾವೂ ಈ ಮಾತು ಬರೆಯದೆ ಬಿಟ್ಟೆವು. ಅದು ನಮ್ಮ ತಪ್ಪು. 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಮ್ಮ ಕಡೆಯವರಿಗೆ ಅಷ್ಟು ಸಂತೋಷವಾದದ್ದು ಯಾಕೆ? ತಮಟೆಗೆ ಒಬ್ಬ ಮನುಷ್ಯನ ಹೆಸರು, ಊರು ಸಮೇತ ಗೌರವ ಸಿಕ್ಕಿತು ಅಂತ.

ಅದಕ್ಕೇ ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮೂರ ಆ ಹುಡುಗರನ್ನು ಒಂದು ಸಂಜೆ ಕೂರಿಸಿಕೊಳ್ಳಿ. ಸ್ಪೀಕರ್ ಪೆಟ್ಟಿಗೆ ಬೇಡ. ತಮಟೆ ಮುಂದೆ, ಕೀಬೋರ್ಡ್ ಹಿಂದೆ ಇಟ್ಟು ಒಂದು ಪದ ಹಾಡಿಸಿ, ಮೊಬೈಲಿನಲ್ಲೇ ರೆಕಾರ್ಡ್ ಮಾಡಿ ಕಳಿಸಿ. ತಮಟೆ ಬಾರಿಸಿದ ನಾಲ್ವರ ಹೆಸರೂ ಬರೆದಿರಲಿ. ಕೇಳಿ, ಆ ಹೆಸರುಗಳ ಸಮೇತ ಬರೆಯುತ್ತೇವೆ.

— ಸಂಪಾದಕ, ಕೋಲಾರ